ಮಾತಿಲ್ಲದೆ ಒಡೆದ ಮಡಕೆ

ಗಾಸ್ಪಾರ್ ತೀರಿಕೊಂಡ ಸುದ್ದಿ ಬಂದದ್ದು ಎಸ್ಕಲಾಡ್ ಹಬ್ಬದ ಬೆಳಿಗ್ಗೆ. ರಾಷ್ಟ್ರಸಂಘದ ಕಚೇರಿಯಿಂದ ಇಬ್ಬರು ಬಂದು ಬಾಗಿಲಲ್ಲೇ ಹ್ಯಾಟು ತೆಗೆದರು. ನನ್ನ ಮಗ ಎರಡು ದೇಶಗಳ ನಡುವಿನ ನದಿಯ ಗಡಿ ನೋಡಿಕೊಳ್ಳುವ ಆಯೋಗದಲ್ಲಿದ್ದ. ಬಿಳಿ ಬಾವುಟದ ದೋಣಿಯಲ್ಲಿ ಹೋಗುತ್ತಿದ್ದಾಗ ಗುಂಡು ತಗುಲಿತಂತೆ. ಮಂಜು ಕವಿದಿತ್ತು, ಯಾವ ದಡದಿಂದ ಬಂತೆಂದು ಯಾರೂ ಕಾಣಲಿಲ್ಲ. ಆ ದೇಶಗಳ ಹೆಸರನ್ನು ನಾನು ಬರೆಯುವುದಿಲ್ಲ.

ಅವರು ಹೋದ ಮೇಲೆ ನಾನು ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟೆ. ಸೊಸೆ ಮಾರ್ಸೆಲಿನ್ ಒಲೆಯ ಮುಂದೆ ನಿಂತೇ ಇದ್ದಳು. ತರಕಾರಿ ಸಾರು ತಳ ಹತ್ತಿದ ವಾಸನೆ ಇಬ್ಬರಿಗೂ ಬಂತು. ಇಬ್ಬರೂ ಇಳಿಸಲಿಲ್ಲ.

ಮೇಜಿನ ಮೇಲೆ ಚಾಕೊಲೇಟಿನಿಂದಲೇ ಮಾಡಿದ ಹಬ್ಬದ ಮಡಕೆ ಇತ್ತು. ಹಿಂದೆ ನಮ್ಮ ಜಿನೀವಾದ ಕೋಟೆ ಹತ್ತಿದವರ ಮೇಲೆ ಹೆಂಗಸೊಬ್ಬಳು ಬಿಸಿ ತರಕಾರಿ ಸಾರಿನ ಮಡಕೆ ಎಸೆದು, ಊರವರು ಅವರನ್ನು ಓಡಿಸಿದ ನೆನಪಿಗೆ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರೂ ಎಲ್ಲರಿಗಿಂತ ಕಿರಿಯರೂ ಕೈ ಹಿಡಿದು ಅದನ್ನು ಗುದ್ದಿ ಒಡೆಯುತ್ತಾರೆ. "ಗಣರಾಜ್ಯದ ಶತ್ರುಗಳು ಹೀಗೇ ನಾಶವಾದರು!" ಎಂದು ಕೂಗುತ್ತೇವೆ. ಹಿರಿಯ ನಾನು, ಕಿರಿಯಳು ಮೊಮ್ಮಗಳು ಅಡೆಲ್. ಪ್ರತಿ ವರ್ಷ ಗಾಸ್ಪಾರ್ ನಡುವೆ ಬಾಯಿ ಹಾಕುತ್ತಿದ್ದ.

"ಅಪ್ಪಾ, ಶತ್ರು ಅನ್ನೋ ಮಾತಿಗೆ ನಮ್ಮ ಆಯೋಗ ಒಪ್ಪಲ್ಲ. 'ಇನ್ನೊಂದು ಪಕ್ಷ' ಅನ್ನಿ."

"ಹಾಗಂದ್ರೆ ಮಡಕೆ ಒಡೆಯಲ್ಲ ಕಣೋ."

"ಒಡೀದಿದ್ರೆ ಮುಂದಿನ ಅಧಿವೇಶನಕ್ಕೆ ಇಟ್ಕೊಳ್ಳೋಣ, ಬಿಡಿ."

ಸಂಜೆ ಆ ದೇಶಗಳಲ್ಲಿ ಒಂದರ ಪ್ರತಿನಿಧಿ ಹೂವಿನ ಚಕ್ರ ಹಿಡಿದು ಬಂದ. ಕೈಗವಸು ತೆಗೆದು, ತಲೆ ಬಾಗಿಸಿ, ಒಂದು ಕಾಗದವನ್ನು ನನ್ನ ಮುಂದೆ ಇಟ್ಟ.

"ಯಜಮಾನರೇ, ಗುಂಡು ಆಚೆ ದಡದಿಂದ ಬಂತು. ತಂದೆಯಾಗಿ ತಾವು ಹಾಗಂತ ಒಂದು ದೂರು ಕೊಟ್ರೆ ಸಾಕು. ಮಿಕ್ಕಿದ್ದು ನಮ್ಮ ಸೈನ್ಯ ನೋಡಿಕೊಳ್ಳುತ್ತೆ."

ನಾನು ಉತ್ತರ ಹೇಳುವ ಮೊದಲೇ ಇನ್ನೊಂದು ದೇಶದವನು ಬಂದ. ಅವನ ಕೈಯಲ್ಲೂ ಹೂವಿನ ಚಕ್ರ, ಅವನ ಕೈಯಲ್ಲೂ ಕಾಗದ. ಮೊದಲು ಬಂದವನನ್ನು ನೋಡಿ ಹೊಸ್ತಿಲಲ್ಲೇ ನಿಂತ.

"ಓಹೋ, ಆಗಲೇ ಬಂದುಬಿಟ್ಟಿದ್ದೀರಾ?"

"ನಿಮಗೆ ಯಾವತ್ತೂ ತಡವೇ ಅಲ್ಲವೇ ಸ್ವಾಮಿ, ಗುಂಡು ಹಾರಿಸೋದು ಒಂದು ಬಿಟ್ಟು."

"ಕೂತುಕೊಳ್ಳಿ, ಇಬ್ಬರೂ," ಎಂದೆ. ಕೂತರು. ಎರಡನೆಯವನೂ ತನ್ನ ಕಾಗದವನ್ನು ಮೇಜಿನ ಮೇಲಿಟ್ಟ; ಅದರಲ್ಲಿ ಗುಂಡು ಮೊದಲಿನವನ ದಡದಿಂದ ಬಂತೆಂದಿತ್ತು.

ನಾನು ಲೇಖನಿ ಕೈಗೆತ್ತಿಕೊಂಡದ್ದು ನಿಜ. ಬೆಳಗಿನಿಂದ ನನ್ನೊಳಗೆ ಏನೂ ಇರಲಿಲ್ಲ. ಅಳುವೂ ಇಲ್ಲ, ಸಿಟ್ಟೂ ಇಲ್ಲ. ಸಹಿ ಹಾಕಿದರೆ ಯಾರೋ ಒಬ್ಬರ ಮೇಲೆ ದ್ವೇಷವಾದರೂ ಹುಟ್ಟೀತು, ಏನಾದರೂ ಅನ್ನಿಸೀತು ಎಂದುಕೊಂಡೆ. ಯಾವ ಕಾಗದವಾದರೂ ಆಗುತ್ತಿತ್ತು.

ಅಡೆಲ್ ಬಂದು ನನ್ನ ಎಡಗೈ ಹಿಡಿದಳು. "ತಾತಾ, ಮಡಕೆ ಒಡೆಯೋಣ ಬಾ. ಆಮೇಲೆ ಕತ್ತಲಾಗುತ್ತೆ." ಆ ಇಬ್ಬರನ್ನೂ ನೋಡಿದಳು. "ಅಪ್ಪನ ಶತ್ರು ಯಾರು ತಾತಾ?"

ಇಬ್ಬರೂ ಅತ್ತಿತ್ತ ನೋಡದೆ ನನ್ನ ಬಾಯನ್ನೇ ನೋಡಿದರು.

"ಗೊತ್ತಿಲ್ಲ ಮಗೂ," ಎಂದೆ. "ನಿನ್ನ ಅಪ್ಪನಿಗೂ ಗೊತ್ತಿರಲಿಲ್ಲ."

"ಹಾಗಾದರೆ ಏನಂತ ಕೂಗೋದು?"

"ಏನೂ ಬೇಡ. ಸುಮ್ಮನೆ ಒಡೆಯೋಣ."

ಲೇಖನಿ ಕೆಳಗಿಟ್ಟೆ. ಅವಳ ಕೈ ನನ್ನ ಕೈಯೊಳಗೆ, ಒಂದೇ ಗುದ್ದು. ಒಳಗಿದ್ದ ಬಾದಾಮಿ ಮಿಠಾಯಿಯ ಪುಟ್ಟ ತರಕಾರಿಗಳು ಕಾಗದಗಳ ಮೇಲೆ ಚೆಲ್ಲಿದವು. ಅಡೆಲ್ ಮನೆಗೆ ಬಂದವರಿಗೆ ಕೊಡುವ ಹಾಗೆ ಒಬ್ಬನಿಗೆ ಕ್ಯಾರೆಟ್ಟು, ಇನ್ನೊಬ್ಬನಿಗೆ ಟರ್ನಿಪ್ಪು ಕೊಟ್ಟಳು. ಇಬ್ಬರೂ ತಲೆ ತಗ್ಗಿಸಿ ಅಗಿದರು.

"ಸಹಿ?" ಎಂದ ಮೊದಲನೆಯವನು, ಎದ್ದು ನಿಂತು.

"ಕಾಣದ್ದಕ್ಕೆ ಹೇಗೆ ಹಾಕಲಿ ಸ್ವಾಮಿ?"

ಅವರು ಕಾಗದಗಳನ್ನು ಕೊಡವಿ ತೆಗೆದುಕೊಂಡು ಹೋದರು. ಹೂವಿನ ಚಕ್ರಗಳು ಮಾತ್ರ ಒಂದಕ್ಕೊಂದು ಒರಗಿ ಇಲ್ಲೇ ಉಳಿದವು.

ಮಾರ್ಸೆಲಿನ್ ಕ್ಯಾಥೊಲಿಕ್ ಮನೆಯ ಹೆಣ್ಣು. ಮಂಚದ ಪಕ್ಕ ಮಂಡಿಯೂರಿ ಗಂಡನಿಗಾಗಿ ಪ್ರಾರ್ಥಿಸುತ್ತಿದ್ದಳು. ನಮ್ಮ ಪ್ರಾಟೆಸ್ಟಂಟ್ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ಇಲ್ಲ. ಅವರು ದೇವರ ಕೈ ಸೇರಿದರು, ಇನ್ನು ಬೇಡುವುದೇನೂ ಇಲ್ಲವೆಂದು ಸಭೆಯ ಹಿರಿಯನಾಗಿ ನಾನೇ ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಆ ಸಂಜೆ ಅವಳ ಪಕ್ಕದಲ್ಲಿ ಮಂಡಿಯೂರಿದೆ. ಅಡೆಲ್ ನಮ್ಮಿಬ್ಬರ ನಡುವೆ ತೂರಿಕೊಂಡಳು.

ಕರ್ತನೇ, ನಿನ್ನ ಮಗುವಾದ ಗಾಸ್ಪಾರನನ್ನು ಸೇರಿಸಿಕೋ. ಬದುಕಿದ್ದಷ್ಟು ದಿನ ಅವನು ಬೇರೆಯವರಿಗಾಗಿ ಬೇಡಿದ ಸಮಾಧಾನವನ್ನು ಈಗ ಅವನಿಗೇ ಕೊಡು. ಆಮೆನ್.