ಕರಿ ಮಲ್‌ಮಲ್ಲಿನ ಜಂಪರ್

ಬ್ಯಾಡಗಿಯ ಸ್ಟೇಶನ್ ರಸ್ತೆಯಲ್ಲಿ ದುರ್ಗಾ ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಗಿತ್ತು. ಹೆಂಗಸರು ಬಾಗಿಲಲ್ಲಿ ನಿಂತರೆ ಸಾಕು, ಯಾರ ಬಲಹೆಗಲು ಅರ್ಧ ಇಂಚು ಇಳಿದಿದೆ, ಯಾರು ಉಸಿರು ಬಿಗಿಹಿಡಿದು ಅಳತೆ ಕೊಡುತ್ತಾರೆ ಎಂಬುದು ಅವಳಿಗೆ ತಿಳಿದುಹೋಗುತ್ತಿತ್ತು. ಬಟ್ಟೆಯ ಮೇಲೆ ಕಾಗದ ಇಟ್ಟು ಕತ್ತರಿಸುವವರನ್ನು ಕಂಡರೆ ಅವಳಿಗೆ ಒಳಗೊಳಗೇ ನಗು.

ಮಾರ್ಚ್ ತಿಂಗಳ ಕೊನೆಗೆ ಹರಿಪ್ರಿಯಾ ಬಂದಳು. ಹಾವೇರಿಯ ಹುಡುಗಿ, ದಿನಾ ಬಸ್ಸಿನಲ್ಲಿ ಬಂದು ಇಲ್ಲಿನ ಲ್ಯಾಬಿನಲ್ಲಿ ಮೆಣಸಿನಕಾಯಿಯ ಬಣ್ಣ ಅಳೆಯುವ ಕೆಲಸ ಮಾಡುತ್ತಿದ್ದಳು. ಚಪ್ಪಲಿಯಿಂದ ಕೂದಲ ಕ್ಲಿಪ್ಪಿನವರೆಗೆ ಅವಳು ತೊಡುವುದೆಲ್ಲ ಕಪ್ಪು.

"ದುರ್ಗಕ್ಕಾ, ಬ್ಯಾಸಿಗಿಗೆ ಒಂದು ಜಂಪರ್ ಹೊಲದು ಕೊಡ್ತೀರೇನ್ರಿ? ಗಾಥಿಕ್ ನಮೂನಿದು."

"ಅದ್ಯಾವ ಊರ ನಮೂನಿ ಯವ್ವಾ?"

"ವಿಲಾಯತಿ ಕಡೆ ಹಳೇ ಚರ್ಚಿನ ಕಿಟಕಿ ಮ್ಯಾಲೆ ಚೂಪಾಗಿರ್ತಾವಲ್ರಿ, ಎದಿ ಮ್ಯಾಲೆ ಹಂಗ ಚೂಪಾದ ಪಟ್ಟಿ. ಎತ್ತರದ ಕಾಲರ್, ಉಬ್ಬಿದ ತೋಳು. ಅರಿವಿ ಮಾತ್ರ ಕರೀದs ಬೇಕು."

"ಈ ಬಿಸಲಾಗ ಕುತ್ತಿಗಿ ತನಕ ಕರೇದು ಹಾಕ್ಕೊಂಡ್ರ ಬೆಂದು ಹೋಗ್ತಿ, ನೋಡು."

ಹರಿಪ್ರಿಯಾ ನಕ್ಕಳು. "ದಿನಾ ಎಂಟು ತಾಸು ಕೆಂಪು ನೋಡ್ತೀನ್ರಿ ಅಕ್ಕಾ. ಕಣ್ಣು ಮುಚ್ಚಿದ್ರೂ ಕೆಂಪs ಕಾಣ್ತದ. ಮೈಮ್ಯಾಲಾದ್ರೂ ಬ್ಯಾರೆ ಇರಲಿ."

ಅವಳು ಚೀಲದಿಂದ ಒಂದು ಹಳೆಯ ಲಕೋಟೆ ತೆಗೆದಳು. ಅವಳ ಅಜ್ಜಿ ಭಾಗೀರಥೀಬಾಯಿಯವರ ಟ್ರಂಕಿನಲ್ಲಿ ಸಿಕ್ಕದ್ದು. ಅಜ್ಜಿಯ ಸೋದರತ್ತೆ ಒಬ್ಬರು ಮುಂಬಯಿಯಲ್ಲಿ ಹೊಲಿಗೆ ಕಲಿತಿದ್ದರಂತೆ. ಅವರು ತಂದು ಇಟ್ಟದ್ದು ಹಾಗೇ ಉಳಿದಿತ್ತು. ಲಕೋಟೆಯ ಮೇಲೆ ಅಂಥದೇ ಜಂಪರ್ ತೊಟ್ಟ ನೀಳ ಕುತ್ತಿಗೆಯ ಹೆಂಗಸಿನ ಚಿತ್ರ. ಒಳಗೆ, ಬಟ್ಟೆಯ ಮೇಲಿಟ್ಟು ಕತ್ತರಿಸಲೆಂದು ಮಾಡಿದ, ಉಳ್ಳಾಗಡ್ಡಿ ಸಿಪ್ಪೆಯಂಥ ಹನ್ನೊಂದು ಕಾಗದದ ತುಂಡುಗಳು. ಅವುಗಳ ಮೇಲೆ ಒಂದು ಅಕ್ಷರವಿಲ್ಲ, ಒಂದು ಗೆರೆಯಿಲ್ಲ. ಅಲ್ಲಲ್ಲಿ ತೂತುಗಳು ಮಾತ್ರ.

"ಹುಳ ತಿಂದಾವ," ಎಂದಳು ದುರ್ಗಾ. "ಇರಲಿ ಬಿಡು, ಅಂದಾಜು ಸಿಗತೈತಿ."

ಮೊದಲು ಹಳೇ ಧೋತರದಲ್ಲಿ ಹೊಲಿದು ನೋಡಿದಳು. ತೋಳಿನ ತುಂಡು ಕಂಕುಳ ಸುತ್ತಿಗಿಂತ ಒಂದು ಗೇಣು ದೊಡ್ಡದು ಬಂತು. ಎದೆಯ ತುಂಡು ಮೇಲಿನ ಚೂಪು ಪಟ್ಟಿಗಿಂತ ನಾಲ್ಕು ಬೆರಳು ಹೆಚ್ಚಾಯಿತು. ಕಾಗದ ಮಾಡಿದವರಿಗೇ ಲೆಕ್ಕ ತಪ್ಪಿದೆ ಎಂದುಕೊಂಡು ಹೆಚ್ಚಾದದ್ದನ್ನೆಲ್ಲ ಕತ್ತರಿಸಿ ಎಸೆದು ಹೊಲಿದುಬಿಟ್ಟಳು. ಅಂಗಡಿಯ ಗೊಂಬೆಗೆ ತೊಡಿಸಿದರೆ ಅದು ಒಗೆದು ಹಿಂಡಿದ ದಿಂಬಿನ ಚೀಲದಂತೆ ಜೋತುಬಿತ್ತು.

ಸಂಜೆ ಹರಿಪ್ರಿಯಾ ಬಂದು ನೋಡಿದಳು. ಗೊಂಬೆಯ ಸುತ್ತ ಒಂದು ಸಲ ತಿರುಗಿದಳು. "ಛಲೋ ಅದರಿ," ಎಂದು ಮೆಲ್ಲಗೆ ಹೇಳಿ ಬಸ್ಸಿಗೆ ಹೋದಳು.

ಆ ಮೆಲುದನಿ ದುರ್ಗಾಳನ್ನು ಚುಚ್ಚಿತು. ಜಗಳ ಆಡಿದ ಗಿರಾಕಿಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ತನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದವಳು ಇವಳೇ ಮೊದಲು.

ಮರುದಿನ ಅಂಗಡಿಗೆ ಬೀಗ ಹಾಕಿ, ಲಕೋಟೆ ಎದೆಗವಚಿಕೊಂಡು ರಾಣೇಬೆನ್ನೂರಿನ ಬಸ್ಸು ಹತ್ತಿದಳು. ಅಲ್ಲಿ ಮೆಹನಾಜ ಇದ್ದಳು. ಇಬ್ಬರೂ ಹದಿನೆಂಟರ ವಯಸ್ಸಿನಲ್ಲಿ ಒಂದೇ ಮಶೀನಿನ ಮೇಲೆ ಹೊಲಿಗೆ ಕಲಿತವರು. ಮೆಹನಾಜ ಈಗ ಬುರ್ಖಾ ಹೊಲಿಯುತ್ತಾಳೆ. ಕಪ್ಪು ಬಟ್ಟೆಯ ಗುಣ ಅವಳಷ್ಟು ಬಲ್ಲವರು ಸುತ್ತಲಿನ ಊರುಗಳಲ್ಲಿ ಯಾರೂ ಇರಲಿಲ್ಲ.

ಮೆಹನಾಜ ಚಹಾಕ್ಕೆ ಇಟ್ಟು, ಕೈ ಒರೆಸಿಕೊಂಡು, ಎದೆಯ ಭಾಗದ ಕಾಗದವನ್ನು ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು.

"ದುರ್ಗಾ, ಹುಳ ತಿಂದಾವ ಅಂದ್ಯಲ್ಲ? ಹುಳ ಹಿಂಗ ಸಾಲು ಹಿಡದು ತಿಂತಾವೇನ?"

ದುರ್ಗಾ ತಿರುಗಿ ನೋಡಿದಳು. ನೆಲದ ಮೇಲೆ ಕಾಗದದ ಮಾಸಲು ನೆರಳು. ನೆರಳಿನೊಳಗೆ ಬೆಳಕಿನ ಚುಕ್ಕಿಗಳು. ಒಂದು ಅಂಚಿಗೆ ಮೂರು ದೊಡ್ಡ ಚುಕ್ಕಿ, ಒಟ್ಟೊಟ್ಟಿಗೆ. ನಡುವೆ ಸಣ್ಣ ಚುಕ್ಕಿಗಳು ಜೋಡಿ ಜೋಡಿಯಾಗಿ ಮೇಲಿನಿಂದ ಕೆಳಗೆ ಇಳಿದಿದ್ದವು, ಎಲ್ಲಿಯೂ ಒಂದು ಕೂದಲೆಳೆಯಷ್ಟೂ ಅಂತರ ತಪ್ಪದೆ. ಅಂಚಿನಲ್ಲಿ ಥಟ್ಟನೆ ಕಣ್ಣಿಗೆ ಬೀಳದಷ್ಟು ಚಿಕ್ಕ ಕಚ್ಚುಗಳು.

ಅವಳು ಅಲ್ಲೇ ಕಟ್ಟೆಯ ಮೇಲೆ ಕುಳಿತಳು.

"ಇದು ಮಾತಾಡಾಕತ್ತೈತಿ, ಮೆಹನಾಜ. ನನಗs ಕೇಳಿಸಿಲ್ಲ."

ಚಹಾ ಉಕ್ಕಿ ಹರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಹನ್ನೊಂದೂ ತುಂಡುಗಳನ್ನು ಚಾಪೆಯ ಮೇಲೆ ಹರಡಿ ಒಂದೊಂದೇ ತೂತನ್ನು ಕೇಳುತ್ತ ಹೋದರು. ಮೂರು ದೊಡ್ಡ ತೂತು ಇರುವ ಅಂಚನ್ನು ಬಟ್ಟೆಯ ಮಡಿಕೆಗೆ ಇಟ್ಟರೆ ಆ ತುಂಡು ಬಿಚ್ಚಿದಾಗ ಎಡ ಬಲ ಎರಡೂ ಒಂದೇ ಆಗುತ್ತಿದ್ದವು. ಜೋಡಿ ತೂತುಗಳನ್ನು ಒಂದಕ್ಕೊಂದು ತಾಗುವಂತೆ ಮಡಚಿದರೆ ಒಂದು ಸಣ್ಣ ನೆರಿಗೆ. ಅಂಥ ನೆರಿಗೆ ಏಳು. ಏಳನ್ನೂ ಹಿಡಿದು ನೋಡಿದರೆ ಹೆಚ್ಚಾಗಿದ್ದ ನಾಲ್ಕು ಬೆರಳು ಮಾಯವಾಗಿ, ಎದೆಯ ತುಂಡು ಚೂಪು ಪಟ್ಟಿಗೆ ದಾರದಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು.

"ಯಾ ಅಲ್ಲಾ," ಎಂದಳು ಮೆಹನಾಜ.

ತೋಳಿನ ಒಂದು ಗೇಣು ಹೆಚ್ಚುವರಿಗೂ ಜಾಗವಿತ್ತು. ಎರಡು ಕಚ್ಚುಗಳ ನಡುವೆ ಅದನ್ನೆಲ್ಲ ದಾರಕ್ಕೆ ಎಳೆದು ಸುಕ್ಕುಗಟ್ಟಿಸಬೇಕಿತ್ತು. ದುರ್ಗಾ ತನ್ನ ಕೈಗಳನ್ನೇ ನೋಡಿಕೊಂಡಳು. "ಇದರ ಜೀವ ಎಲ್ಲಿತ್ತೋ ಅದನ್ನs ಕತ್ತರಿಸಿ ಕಸಕ್ಕ ಹಾಕೀನಲ್ಲ."

"ಧೋತರಾನ ಹೋತಲ್ಲ, ಬಿಡು," ಎಂದು ಮೆಹನಾಜ ನಾಲ್ಕು ಮೀಟರ್ ತೆಳುವಾದ ಕರಿ ಮಲ್‌ಮಲ್, ಚೂಪು ಪಟ್ಟಿಗೆಂದು ಕರಿ ಜಾಳಿಗೆ ಲೇಸು, ತೆಳ್ಳನೆಯ ಸೂಜಿ ಕೊಟ್ಟಳು. "ಕರೀ ಅರಿವಿ ಹಗಲಿನ್ಯಾಗ ಹೊಲಿ. ಲೈಟಿನ ಬೆಳಕಿಗೆ ಅದು ಸುಳ್ಳು ಹೇಳತೈತಿ."

ಐದು ಹಗಲು ಹೊಲಿದಳು. ನೆರಿಗೆಗಳನ್ನು ಕೈಯಿಂದಲೇ ಹಿಡಿದಳು. ಐದನೆಯ ದಿನ ಎಡದ ತೋಳಿನ ದಾರವನ್ನು ಎಳೆದಾಗ, ಚಪ್ಪಟೆಯಾಗಿ ಬಿದ್ದಿದ್ದ ಬಟ್ಟೆ ಜಂಪರಿನ ಹೆಗಲ ಮೇಲೆ ತಾನಾಗಿಯೇ ಎದ್ದು ನಿಂತಿತು. ಒಳಗೆ ಕ್ಯಾನ್ವಾಸಿಲ್ಲ, ಗಂಜಿಯಿಲ್ಲ. ಗಾಳಿಯೇ ಅದರ ಎಲುಬಾಗಿತ್ತು. ದುರ್ಗಾ ಕಾಲನ್ನು ಪೆಡಲಿನಿಂದ ತೆಗೆದು ಕಾಗದದ ತುಂಡುಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನ್ನು ಮಾಡಿದವರು ಯಾವ ದೇಶದವರೋ, ಗಂಡಸೋ ಹೆಂಗಸೋ, ಸತ್ತು ಎಷ್ಟು ಕಾಲವಾಯಿತೋ. ಕೈ ಎತ್ತಿದರೆ ಬೆನ್ನಿಗೆ ಎಷ್ಟು ಬಟ್ಟೆ ಬೇಕು, ಕುತ್ತಿಗೆ ಬಗ್ಗಿಸಿದರೆ ಕಾಲರ್ ಎಲ್ಲಿ ಒತ್ತುತ್ತದೆ, ಎಲ್ಲ ಯೋಚಿಸಿ, ಒಂದು ಮಾತೂ ಬರೆಯದೆ ಬ್ಯಾಡಗಿಯ ದುರ್ಗಾಳ ಕೈಗೆ ಮುಟ್ಟಿಸಿದ್ದರು. ತನಗೆ ಬರುತ್ತಿದ್ದುದು ಮೈಯ ಅಳತೆ. ಇವರು ಅಳೆದದ್ದು ಮೈಯ ಓಡಾಟವನ್ನು. ಅವಳು ಆ ಕಾಗದಗಳಿಗೆ ಕೈಮುಗಿದಳು, ಯಾರಾದರೂ ನೋಡಿಯಾರು ಎಂಬ ನಾಚಿಕೆಯೂ ಆಗಲಿಲ್ಲ.

ರವಿವಾರ ಹರಿಪ್ರಿಯಾ ಅಜ್ಜಿಯನ್ನೂ ಕರೆದುಕೊಂಡು ಬಂದಳು. ಭಾಗೀರಥೀಬಾಯಿಯವರು ಮುಖ ಸಿಂಡರಿಸಿಕೊಂಡೇ ಒಳಗೆ ಬಂದರು.

"ನಮ್ಮಲ್ಲಿ ಕರೀದಂದ್ರ ಚಂದ್ರಕಾಳಿ ಸೀರಿ ಒಂದ ನೋಡವಾ, ಅದೂ ಸಂಕ್ರಾಂತಿಗೆ. ಈ ಹುಡುಗಿ ಮೂರೂ ಹೊತ್ತು ಕಾಗಿ ಹಂಗ ಇರ್ತಾಳ."

ಹರಿಪ್ರಿಯಾ ಪರದೆಯ ಹಿಂದೆ ಹೋದಳು. ಬೆನ್ನಿಗೆ ಹದಿನಾಲ್ಕು ಸಣ್ಣ ಗುಂಡಿಗಳಿದ್ದವು. ತಾನಾಗಿ ಹಾಕಿಕೊಳ್ಳಲು ಬರುವಂತಿರಲಿಲ್ಲ. "ಅಜ್ಜಿ, ಬಾ ಇಲ್ಲೆ," ಎಂದು ಕರೆದಳು. ಗೊಣಗುತ್ತ ಹೋದ ಮುದುಕಿಯ ದನಿ ನಾಲ್ಕನೆಯ ಗುಂಡಿಯ ಹೊತ್ತಿಗೆ ನಿಂತುಹೋಯಿತು.

ಇಬ್ಬರೂ ಹೊರಗೆ ಬಂದರು. ದಿನಾ ಬಸ್ಸಿನಿಂದ ಇಳಿದು ಕುಗ್ಗಿಕೊಂಡು ನಡೆಯುತ್ತಿದ್ದ ಹುಡುಗಿ ಇವಳೇನಾ ಎನಿಸಿತು ದುರ್ಗಾಳಿಗೆ. ಹರಿಪ್ರಿಯಾ ಎರಡೂ ಕೈ ತಲೆಯ ಮೇಲೆ ಎತ್ತಿದಳು. ಸೊಂಟದ ಹತ್ತಿರದ ಅಂಚು ಮೇಲೇರದೆ ಇದ್ದಲ್ಲಿಯೇ ಇತ್ತು.

"ದುರ್ಗಕ್ಕಾ, ಒಳಗೆಲ್ಲಾ ಗಾಳಿ ಆಡ್ಲಿಕ್ಹತ್ತೇದರಿ. ಕುತ್ತಿಗಿ ತನಕ ಅದ, ಆದ್ರೂ ತಂಪದ."

ಭಾಗೀರಥೀಬಾಯಿಯವರು ಏಳು ನೆರಿಗೆಗಳ ಮೇಲೆ ಒಂದು ಬೆರಳು ಆಡಿಸಿದರು. ಅವರ ಕಣ್ಣು ತುಂಬಿತ್ತು. "ನಮ್ಮ ಮುಂಬಯಿ ಅತ್ಯಾ ಈ ಕಾಗದ ಹೊರಗ ತಗದು ನೋಡ್ತಿದ್ರು, ಮತ್ತ ಮಡಚಿ ಇಡ್ತಿದ್ರು. ಏನು ನೋಡ್ತಾರಪಾ ಅಂತ ನಾವು ಹುಡುಗ್ರೆಲ್ಲಾ ನಗ್ತಿದ್ವಿ." ಬೆರಳನ್ನು ಕಡೆಯ ನೆರಿಗೆಗೆ ತಂದು ಹೇಳಿದರು, "ಇದನ್ನs ನೋಡ್ತಿದ್ರು."

ಲಕೋಟೆಯನ್ನು ತಿರುಗಿ ಕೊಡಬೇಕಿತ್ತು. ದುರ್ಗಾ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.

"ಅವ್ವಾರ, ಇದು ಇನ್ನೊಂದೆಂಟು ದಿನ ನನ್ನ ಹತ್ರ ಇರಲ್ರಿ."

"ಯಾಕ? ಹೊಲದಾತಲ್ಲ?"

"ಹೊಲದಾತ್ರಿ. ಆದ್ರ ಕಾಲರಿನ ತುಂಡಿನ್ಯಾಗ ಇನ್ನೂ ಎರಡು ತೂತು ಅದಾವ. ಅವು ಏನು ಹೇಳಾಕತ್ತಾವು ಅಂತ ನನಗ ತಿಳಿದಿಲ್ರಿ."