ಒಳ್ಳೆಯ ಕಾಲು

ಫಿಸಿಯೋಥೆರಪಿಗೆ ಬರುವವರಷ್ಟು ಸುಳ್ಳು ಹೇಳುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಿದಿರಾ ಎಂದರೆ ಎಲ್ಲರದೂ ಒಂದೇ ಉತ್ತರ: "ಓ, ಒಂದು ದಿನಾನೂ ತಪ್ಪಿಸಿಲ್ಲ!" ಕೈಯಿಟ್ಟು ನೋಡಿದರೆ ಹೋದ ವಾರ ಹೇಗಿತ್ತೋ ಹಾಗೇ ಇರುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ. ಬಾಯಿ ಏನು ಬೇಕಾದರೂ ಹೇಳಲಿ, ಸ್ನಾಯುವಿಗೆ ಸುಳ್ಳು ಹೇಳುವುದು ಗೊತ್ತಿಲ್ಲ. ನೋಯುವ ಕೀಲನ್ನು ಮುಟ್ಟಿದರೆ ಸುತ್ತಲಿನ ಸ್ನಾಯು ತಾನಾಗಿ ಬಿಗಿದುಕೊಳ್ಳುತ್ತದೆ. ನೋವಿಲ್ಲದಿದ್ದರೆ ಸಡಿಲವಾಗಿ ಕೈಗೆ ಬರುತ್ತದೆ. ನನ್ನ ಹನ್ನೆರಡು ವರ್ಷದ ಕಸುಬಿನ ಅರ್ಧ ಭಾಗ ಇಷ್ಟೇ.

ಆ ಸೋಮವಾರ ಬೆಳಿಗ್ಗೆ ನನ್ನ ಮುಂದೆ ಕೂತಿದ್ದವನು ಬಡಗಿ. ಬಲ ಮೊಣಕೈ ನೋವು.

"ಚೀಟೀಲಿ ಟೆನಿಸ್ ಎಲ್ಬೋ ಅಂತ ಬರೆದುಬಿಟ್ರಲ್ಲ ಮೇಡಂ, ನಾನು ಜನ್ಮದಲ್ಲಿ ಆ ಬ್ಯಾಟ್ ಮುಟ್ಟಿದೋನಲ್ಲ. ಮನೇಲಿ ಹೆಂಡ್ತಿ ಅದನ್ನ ಓದಿ, ಕೆಲಸಕ್ಕೆ ಹೋಗ್ತೀನಿ ಅಂತ ಎಲ್ಲಿಗೆ ಆಡೋಕೆ ಹೋಗ್ತಿದ್ರಿ ಅಂತ ಶುರು ಮಾಡಿದ್ದಾಳೆ."

"ದಿನವಿಡೀ ಸ್ಕ್ರೂ ತಿರುಗಿಸಿದ್ರೂ ಅದೇ ಬರೋದು. ನಿಮ್ಮ ಹೆಂಡ್ತಿನ ಕರ್ಕೊಂಡು ಬನ್ನಿ, ನಾನು ಹೇಳ್ತೀನಿ," ಎಂದು ಅವನ ಮೊಣಕೈ ಒತ್ತುತ್ತಿದ್ದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಬಲಗಾಲನ್ನು ಎಳೆದುಕೊಂಡು ಒಳಗೆ ಬಂದವಳು ನನ್ನ ತಂಗಿ.

"ಅಯ್ಯಯ್ಯೋ ಮೇಡಂ, ಕೈ ಬಿಡಿ!" ಎಂದು ಬಡಗಿ ಕೂಗಿದ ಮೇಲೆಯೇ ನಾನು ಎಷ್ಟು ಜೋರಾಗಿ ಒತ್ತಿದ್ದೆ ಎಂದು ತಿಳಿದದ್ದು.

ಹನ್ನೊಂದು ವರ್ಷವಾಗಿತ್ತು ಅವಳ ಮುಖ ನೋಡಿ.

ಮನೆಯಲ್ಲಿ ಅವಳನ್ನು ಮಿಡತೆ ಎಂದು ಕರೆಯುತ್ತಿದ್ದೆವು. ನೆಲದ ಮೇಲೆ ನಿಂತಿದ್ದಕ್ಕಿಂತ ಹಾರಿದ್ದೇ ಹೆಚ್ಚು. ವಾಲಿಬಾಲ್ ಆಡುವಾಗ ಅವಳು ನೆಟ್ಟಿನ ಮೇಲಕ್ಕೆ ಎದ್ದಳೆಂದರೆ ನನ್ನ ಎದೆಯೂ ಅವಳ ಜೊತೆ ಎದ್ದು, ಅವಳು ಇಳಿದ ಮೇಲೆಯೇ ಇಳಿಯುತ್ತಿತ್ತು. ನಾನು ಓದು ಮುಗಿಸಿ ಅವಳ ತಂಡಕ್ಕೇ ಫಿಸಿಯೋ ಆಗಿ ಸೇರಿದಾಗ ಅಮ್ಮ, "ಇನ್ನು ನನಗೆ ಚಿಂತೆ ಇಲ್ಲ, ಅವಳ ಕೈಕಾಲು ನಿನ್ನ ಜವಾಬ್ದಾರಿ," ಎಂದಿದ್ದಳು.

ಫೈನಲ್ಲಿನ ದಿನ ಮಿಡತೆ ಡ್ರೆಸ್ಸಿಂಗ್ ರೂಮಿನಲ್ಲಿ ಬೆಂಚಿನ ಮೇಲೆ ಮಲಗಿ ಬಲ ಮಂಡಿ ತೋರಿಸಿದಳು. "ನಿನ್ನೆ ಪ್ರಾಕ್ಟೀಸಲ್ಲಿ ಸ್ವಲ್ಪ ಉಳುಕಿತು ಅಷ್ಟೆ. ನೋವೇ ಇಲ್ಲ ಕಣೇ," ಎಂದಳು. ಊತವೂ ಅಷ್ಟೇನಿರಲಿಲ್ಲ. ತೊಡೆಯನ್ನು ಒಂದು ಕೈಯಲ್ಲಿ ಹಿಡಿದು, ಮೊಣಕಾಲ ಕೆಳಗಿನ ಮೂಳೆಯನ್ನು ಇನ್ನೊಂದು ಕೈಯಲ್ಲಿ ಮುಂದಕ್ಕೆ ಎಳೆದು ನೋಡಿದೆ. ಮೂಳೆಗಳನ್ನು ಹಿಡಿದಿಡುವ ಒಳಗಿನ ಲಿಗಮೆಂಟ್ ಹರಿದಿದ್ದರೆ ಮೂಳೆ ಜಾರಿ ಮುಂದೆ ಬರಬೇಕು. ಬರಲಿಲ್ಲ, ಗಟ್ಟಿಯಾಗಿತ್ತು. ಆಡು ಹೋಗು ಎಂದೆ.

ಈ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಒಳ್ಳೆಯ ಕಾಲನ್ನು ಹಿಡಿಯಬೇಕು. ಇವರ ಮೈಯಲ್ಲಿ ಗಟ್ಟಿ ಎಂದರೆ ಎಷ್ಟು ಗಟ್ಟಿ, ಸಡಿಲ ಎಂದರೆ ಎಷ್ಟು ಸಡಿಲ ಎಂದು ಅದನ್ನು ಕೇಳಿಕೊಂಡು ಆಮೇಲೆ ಪೆಟ್ಟಾದ ಕಾಲಿಗೆ ಬರಬೇಕು. ಹೊರಗೆ ಸೀಟಿ ಊದುತ್ತಿದ್ದರು. ನಾನು ಒಳ್ಳೆಯ ಕಾಲನ್ನು ಮುಟ್ಟಲೇ ಇಲ್ಲ. ಮುಟ್ಟಿದ್ದರೆ ಗೊತ್ತಾಗುತ್ತಿತ್ತು. ಮೂಳೆಯನ್ನು ಹಿಡಿದು ನಿಲ್ಲಿಸಿದ್ದು ಲಿಗಮೆಂಟ್ ಆಗಿರಲಿಲ್ಲ, ಹೆದರಿ ಕಲ್ಲಾಗಿದ್ದ ತೊಡೆಯ ಹಿಂದಿನ ಸ್ನಾಯು. ಸತ್ಯ ಹೇಳಬೇಕೆಂದರೆ ಅವಸರವೊಂದೇ ಕಾರಣವಲ್ಲ. ಅವಳು ಹಾರುವುದನ್ನು ನೋಡುವ ಆಸೆ ನನಗೇ ಇತ್ತು.

ಎರಡನೇ ಸೆಟ್ಟಿನಲ್ಲಿ ಹಾರಿ ಇಳಿದವಳು ಹಾಗೇ ಕುಸಿದಳು. ಮಂಡಿಯೊಳಗಿನ ಮೆತ್ತನೆಯ ಗಾದಿಯೂ ಹರಿದಿತ್ತು. ಆಪರೇಷನ್ ಆಯಿತು, ನಡಿಗೆ ಬಂತು, ಆಟ ಹೋಯಿತು. ಆಸ್ಪತ್ರೆಯಲ್ಲಿ ಅವಳು ನನಗೆ ಹೇಳಿದ್ದು ಒಂದೇ ಮಾತು: "ನಿನ್ನ ಕೈ ನಂಬಿದ್ದೆ." ಆಮೇಲೆ ದೂರದ ಊರಿಗೆ ಹೋಗಿ ಶಾಲೆಯ ಹುಡುಗಿಯರಿಗೆ ಆಟ ಕಲಿಸತೊಡಗಿದಳು. ನಾನು ತಂಡ ಬಿಟ್ಟು ಈ ಎರಡು ಕೋಣೆ ಹಿಡಿದೆ.

ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಅಮ್ಮನಿಗೆ ಫೋನ್ ಮಾಡುತ್ತಾಳೆ. ಅಮ್ಮನಿಗೆ ಭುಜ ಹಿಡಿದುಕೊಂಡಿದ್ದ ಕಾಲದಲ್ಲಿ ಅದೇ ಹೊತ್ತಿಗೆ ನಾನು ಅಮ್ಮನ ತೋಳು ಎತ್ತಿಸುತ್ತಿದ್ದೆ. ಕೈ ಖಾಲಿ ಇಲ್ಲವೆಂದು ಅಮ್ಮ ಫೋನಿನ ಸ್ಪೀಕರ್ ಹಾಕುತ್ತಿದ್ದಳು. ನಾನು ಉಸಿರೆತ್ತದೆ ಮಿಡತೆಯ ದನಿ ಕೇಳುತ್ತಿದ್ದೆ. ಅಮ್ಮನ ಭುಜ ವಾಸಿಯಾಗಿ ಎರಡು ವರ್ಷವಾಯಿತು. ಇವತ್ತಿಗೂ ಭಾನುವಾರ ಒಂಬತ್ತಕ್ಕೆ ಅಮ್ಮ "ಅಯ್ಯೋ ಭುಜ" ಎನ್ನುತ್ತಾಳೆ, ನಾನು ಹೋಗಿ ತೋಳು ಹಿಡಿಯುತ್ತೇನೆ. ಇಬ್ಬರೂ ಅದರ ಮಾತೆತ್ತುವುದಿಲ್ಲ.

ಬಡಗಿಯನ್ನು ಐಸ್ ಚೀಲ ಕೊಟ್ಟು ಹೊರಗಿನ ಕೋಣೆಗೆ ಸಾಗಹಾಕಿದೆ. ಮಿಡತೆ ನಿಂತೇ ಇದ್ದಳು. ಕಿವಿಯ ಬಳಿ ಎರಡು ಬಿಳಿ ಕೂದಲು. ನನ್ನ ಪುಟ್ಟ ತಂಗಿಗೆ ಬಿಳಿ ಕೂದಲು! ಬಾಯಿಯಿಂದ ಮಾತ್ರ ಹೊರಟದ್ದು ಕಸುಬಿನ ಮಾತು.

"ಯಾವಾಗ ಆಯ್ತು?"

"ಹೋದ ಗುರುವಾರ. ಹುಡುಗೀರಿಗೆ ಸ್ಮ್ಯಾಶ್ ತೋರಿಸ್ತೀನಿ ಅಂತ ಹಾರಿದೆ."

"ಈ ವಯಸ್ಸಲ್ಲಿ ಬುದ್ಧಿ ಬೇಡ್ವಾ ನಿಂಗೆ?"

"ಬೈಯೋದಾದ್ರೆ ಕೂತ್ಕೊಂಡು ಬೈಸ್ಕೋತೀನಿ, ಕಾಲು ನೋಯ್ತಿದೆ," ಎಂದು ಟೇಬಲ್ ಹತ್ತಿ ಮಲಗಿದಳು. "ಅಲ್ಲಿ ಇಬ್ಬರಿಗೆ ತೋರಿಸ್ದೆ. ಒಬ್ಬರು ಮತ್ತೆ ಹರಿದಿದೆ ಅಂದ್ರು, ಇನ್ನೊಬ್ಬರು ಏನೂ ಆಗಿಲ್ಲ ಅಂದ್ರು. ನೀನು ನೋಡು."

ನನ್ನ ಕೈ ತಣ್ಣಗಾಗಿತ್ತು. ಉಜ್ಜಿ ಬಿಸಿ ಮಾಡಿಕೊಂಡು ಅವಳ ಎಡಗಾಲನ್ನು ಹಿಡಿದೆ.

"ಅಕ್ಕಾ, ಅದು ಒಳ್ಳೇ ಕಾಲು ಕಣೇ."

"ಗೊತ್ತು. ಸುಮ್ನಿರು. ಅವತ್ತು ಇದನ್ನ ನೋಡಿರಲಿಲ್ಲ ನಾನು."

ಒಂದು ಸಲ ಎಳೆದು ನೋಡಿದರೆ ಸಾಕಾಗುತ್ತಿತ್ತು, ನಾನು ಮೂರು ಸಲ ನೋಡಿದೆ. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಈ ಕೆಲಸಕ್ಕೆ ಕಣ್ಣು ಬೇಕಾಗಿಲ್ಲ, ಅದೇ ಪುಣ್ಯ.

"ನೋಡಿದ್ದಿದ್ರೂ ಅಷ್ಟೇ ಆಗ್ತಿತ್ತು," ಎಂದಳು ಮಿಡತೆ, ಮೇಲಿನ ಫ್ಯಾನಿಗೆ ಹೇಳುವಂತೆ. "ಹಿಂದಿನ ದಿನ ಪ್ರಾಕ್ಟೀಸಲ್ಲಿ ಮಂಡಿಯೊಳಗೆ ಟಪ್ ಅಂತ ಸದ್ದು ಬಂದಿತ್ತು. ಏನು ಅಂತ ನನಗೆ ಗೊತ್ತಿತ್ತು. ರಾತ್ರಿಯೆಲ್ಲ ಐಸ್ ಇಟ್ಟು ಊತ ಇಳಿಸ್ಕೊಂಡು ಬಂದಿದ್ದೆ. ನಿಂಗೆ ಹೇಳಿದ್ರೆ ಆಡೋಕೆ ಬಿಡ್ತಿರಲಿಲ್ಲ. ಆಮೇಲೆ ಆಸ್ಪತ್ರೇಲಿ ಆ ಮಾತು ಬೇರೆ ಅಂದುಬಿಟ್ಟೆ. ಅಂದ ಮೇಲೆ ಯಾವ ಮುಖ ಇಟ್ಕೊಂಡು ಬರಲಿ ಹೇಳು."

ಹನ್ನೊಂದು ವರ್ಷ! ಎತ್ತಿ ಎರಡು ಬಾರಿಸೋಣ ಅನ್ನಿಸಿತು. ಅಪ್ಪಿಕೊಳ್ಳೋಣ ಅಂತಲೂ ಅನ್ನಿಸಿತು. ಎರಡೂ ಮಾಡದೆ ಬಲಗಾಲಿಗೆ ಹೋದೆ.

ಮೂಳೆಯನ್ನು ಮುಂದಕ್ಕೆ ಎಳೆದೆ. ಸ್ವಲ್ಪ ಬಂದು ತಟ್ಟನೆ ನಿಂತಿತು, ಎಡಗಾಲಿನ ಹಾಗೆಯೇ. ಆಪರೇಷನ್ನಿನಲ್ಲಿ ಹಾಕಿದ ಹೊಸ ಲಿಗಮೆಂಟ್ ಭದ್ರವಾಗಿತ್ತು. ಮಂಡಿಯ ಒಳಬದಿಯ ಪಟ್ಟಿಯನ್ನು ಒತ್ತಿದಾಗ ಮಾತ್ರ ಅವಳ ಹುಬ್ಬು ಗಂಟಿಕ್ಕಿತು. ಅಲ್ಲಿ ಒಂದಿಷ್ಟು ಎಳೆ ಉಳುಕಿತ್ತು. ಮೂರು ವಾರದ ಕೆಲಸ, ಅದಕ್ಕೆ ನಾನೇ ಬೇಕೆಂದಿಲ್ಲ, ಎಲ್ಲಾದರೂ ಆಗುವಂಥದ್ದು. ಅದು ತಿಳಿದ ಗಳಿಗೆಯಿಂದ ನನಗೆ ದುರಾಸೆ ಹುಟ್ಟಿತು. ದೊಡ್ಡ ಪೆಟ್ಟು, ಮಿಸುಕಾಡಬೇಡ, ಇಲ್ಲೇ ಇರು ಎಂದರೆ ಇವಳು ನಂಬುತ್ತಾಳೆ. ನಾಲಿಗೆಯ ತುದಿಗೆ ಬಂದಿತ್ತು. ಇದೇ ಕಾಲಿಗೆ ಇನ್ನೊಂದು ತಪ್ಪು ಹೇಳಲು ಮನಸ್ಸಾಗಲಿಲ್ಲ.

"ಹರಿದಿಲ್ಲ. ಒಳಪಟ್ಟಿ ಉಳುಕಿದೆ ಅಷ್ಟೆ. ವ್ಯಾಯಾಮ ಬರ್ಕೊಡ್ತೀನಿ, ನಿಮ್ಮೂರಲ್ಲೇ ಯಾರಾದ್ರೂ ಮಾಡಿಸ್ತಾರೆ. ಬೇಕಾದ್ರೆ ಸಂಜೆ ಬಸ್ಸಿಗೇ ಹೊರಡಬಹುದು."

ಹೇಳಿ ಮುಗಿಸಿ, ಅವಳ ತೊಡೆಯ ಕೆಳಗಿಟ್ಟಿದ್ದ ಕೈಯನ್ನು ತೆಗೆಯದೆ ಕೂತೆ. ಇನ್ನು ಆ ಕಾಲನ್ನು ಯಾವಾಗ ಮುಟ್ಟುತ್ತೇನೋ.

ಮಿಡತೆ ಮುಖ ಹಿಂಡಿದಳು.

"ಇಲ್ಲ ಕಣೇ ಅಕ್ಕಾ. ತುಂಬಾ ನೋವು. ಈಗ, ನೀನು ಹಿಡಿದಿದೀಯಲ್ಲ, ಅಲ್ಲೇ. ಜೀವ ಹೋಗ್ತಿದೆ. ಬಸ್ ಹತ್ತೋಕೆ ಸಾಧ್ಯಾನೇ ಇಲ್ಲ."

ನನ್ನ ಅಂಗೈಯ ಮೇಲೆ ಅವಳ ತೊಡೆಯ ಸ್ನಾಯು ಮಲಗಿದ ಮಗುವಿನಷ್ಟು ಸಡಿಲವಾಗಿ ಬಿದ್ದಿತ್ತು. ಎಲ್ಲೂ ಒಂದೆಳೆ ಬಿಗಿದಿರಲಿಲ್ಲ.

ಹೊರಗಿನಿಂದ ಬಡಗಿ, "ಮೇಡಂ, ಐಸೆಲ್ಲ ನೀರಾಯ್ತು!" ಎಂದು ಕೂಗಿದ.

"ಬಂದೆ ಇರಿ!" ಎಂದು ಗದರಿ, ಇನ್ನೊಂದು ಕೈಯಿಂದ ಅವಳ ಚೀಟಿ ಎಳೆದುಕೊಂಡೆ. ನೋವು ಎಂಬಲ್ಲಿ 'ತೀವ್ರ' ಎಂದು ಬರೆದೆ. ಅವಧಿ ಎಂಬಲ್ಲಿ 'ಆರು ವಾರ' ಎಂದು ಬರೆದೆ.