ಏಳನೇ ರಾಶಿಯ ಕಾವು

ಸಾವಾದ ಮನೆಯ ಮಾತನ್ನು ಹೊರಗಿನವರು ಬರೆಯಬಾರದು. ಎಲೆಕ್ಟ್ರಾನಿಕ್ ಚಿಪ್ಪಿನ ವಿಷಯ ಅರ್ಧ ತಿಳಿದವರಂತೂ ಬರೆಯಲೇಬಾರದು. ತಪ್ಪಿದ್ದರೆ ಕ್ಷಮಿಸಬೇಕು.

ನರಗುಂದದ ಖಾತುನಬಿಯ ಪಡಸಾಲೆಯಲ್ಲಿ ರೇಡಿಯೊ ರಿಪೇರಿಯ ಅಲ್ತಾಫ ಕುಳಿತಿದ್ದ. ಮುಂದೆ ಹತ್ತಿ ಮಿಲ್ಲಿನಿಂದ ತಂದ ತಗಡಿನ ಡಬ್ಬಿ. ಹಸಿ ಹತ್ತಿ ಒಳಗೊಳಗೇ ಕಾಯುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಮಿಲ್ಲಿನ ಎಂಟು ಹತ್ತಿ ರಾಶಿಗಳ ಕಾವು ನೋಡಲೆಂದು ಎರಡು ಸಾವಿರದ ನಾಲ್ಕರಲ್ಲಿ ಅವನೇ ಅದನ್ನು ಮೀಟರು ಜೋಡಿಸಿ ಕಟ್ಟಿಕೊಟ್ಟಿದ್ದ. ಮರುವರ್ಷ ಖಾತುನಬಿಯ ಮಗ ಇನಾಯತ ಏಳನೇ ರಾಶಿ ಕೆದರಲು ಹತ್ತಿದವನು ಒಳಗೆ ಕುಸಿದು ಬೆಂಕಿಯಲ್ಲಿ ಹೋದ. ಮೀಟರು ನೋಡದೆ ಹತ್ತಿದ ಎಂದು ಮಾಲಕ ಅಂದಾನೆಪ್ಪ ಹೇಳಿದರು. ಊರೂ ಹಾಗೇ ಹೇಳಿತು. ನಲವತ್ತನೇ ದಿನದ ಫಾತೇಹಾ ಮುಗಿಯುವ ಹೊತ್ತಿಗೆ ಖಾತುನಬಿ ಎದುರಾಡುವುದನ್ನೂ ಬಿಟ್ಟಿದ್ದಳು.

ಅವಳು ಬೆಳ್ಳುಳ್ಳಿ ಸುಲಿಯುತ್ತಲೇ ತೆರೆದ ಡಬ್ಬಿಯೊಳಗಿನ ಚಿಪ್ಪನ್ನು ನೋಡಿದಳು. "ಜರಿಹುಳದಂಗ ಐತಿ. ಇಷ್ಟ್ಯಾಕ ಕಾಲು?"

ಅಲ್ತಾಫ ವಿವರಿಸಿದ. ಎಂಟು ರಾಶಿಗಳಿಂದ ಎಂಟು ತಂತಿ ಚಿಪ್ಪಿಗೆ ಬರುತ್ತವೆ, ಮೀಟರಿಗೆ ಹೋಗುವುದು ಒಂದೇ. ಯಾವುದನ್ನು ದಾಟಲು ಬಿಡಬೇಕೆಂದು ಮೂರು ಕಾಲುಗಳು ಹೇಳುತ್ತವೆ. ಒಂದೊಂದರಲ್ಲೂ ಕರೆಂಟು ಇರಬೇಕು, ಇಲ್ಲವೇ ಇರಬಾರದು. ಮೂರನ್ನೂ ಅದಲುಬದಲು ಮಾಡಿದರೆ ಎಂಟು ಬಗೆ, ಬಗೆಗೊಂದು ಬಾಗಿಲು. ತೆರೆದ ಬಾಗಿಲಿನಿಂದ ಆ ರಾಶಿಯ ಕಾವಿಗೆ ತಕ್ಕ ವೋಲ್ಟೇಜು ಮೀಟರಿಗೆ ದಾಟುತ್ತದೆ. ಅಂಥದೇ ಇನ್ನೊಂದು ಚಿಪ್ಪನ್ನು ಅವನು ತಿರುವಿ ಹಾಕಿದ್ದ. ಮೀಟರಿನಲ್ಲಿರುವುದು ಯಾವ ರಾಶಿಯದೆಂದು ತಿಳಿಯಲು ಅದು ಒಂದೇ ಕರೆಂಟನ್ನು ಎಂಟು ದೀಪಗಳಲ್ಲಿ ಕೇಳಿದ ನಂಬರಿನದಕ್ಕೆ ಕಳಿಸುತ್ತದೆ.

"ಮೊದಲನೇ ಚಿಪ್ಪಿನಾಗ ಒಂದು ಕಾಲಿನ ಬೆಸುಗಿ ಬಿಟ್ಟೈತಿ, ಖಾಲಾ. ಏಳು ಕೇಳಿದ್ರ ದೀಪ ಏಳನೇದ ಹತ್ತತೈತಿ. ಮೀಟರ ಒಮ್ಮೊಮ್ಮೆ ಮೂರನೇ ರಾಶಿದು ತೋರಸ್ತೈತಿ."

"ಮೂರನೇದು ತಣ್ಣಗಿತ್ತೇನು?"

"ತಣ್ಣಗಿತ್ತರಿ."

ಅವಳ ಕೈ ನಿಂತಿತು. "ಹಂಗಾದ್ರ ನನ್ನ ಮಗ ನೋಡೇ ಹತ್ತ್ಯಾನ."

ಅಲ್ತಾಫ ನೆಲ ನೋಡಿದ. ಬೆಂಕಿಯ ದಿನ ಯಾರೋ ಡಬ್ಬಿಯನ್ನು ಆಫೀಸಿನಿಂದ ಅಂಗಳಕ್ಕೆ ಎಸೆದಿದ್ದರು, ಬೆಸುಗೆ ಆ ಪೆಟ್ಟಿಗೂ ಬಿಟ್ಟಿರಬಹುದು, ತನಗೆ ಗೊತ್ತಿಲ್ಲ ಎಂದ.

"ನನ್ನ ಮಗ ನೋಡಿಲ್ಲಂತ ಅಂದಾನೆಪ್ಪಗ ಗೊತ್ತಿತ್ತೇನು?"

"ಇಲ್ಲರಿ."

"ಅಂವ ಊರಿಗೆಲ್ಲ ಹೇಳ್ಯಾನಲ್ಲ ಮತ್ತ. ನೀನೂ ಹೇಳು."

ಜುಮ್ಮಾ ನಮಾಜು ಮುಗಿದ ಮೇಲೆ ಅಲ್ತಾಫ ಮಸೀದಿ ಕಟ್ಟೆಯ ಮೇಲೆ ಡಬ್ಬಿ ತೆರೆದಿಟ್ಟ. ಮೀಟರು ಸುಳ್ಳು ತೋರಿಸಿತ್ತು, ಇನಾಯತ ನೋಡಿಯೇ ಹತ್ತಿದ ಎಂದ. 'ಇರಬಹುದು' ಎಂಬ ಮಾತು ಸೇರಿಸಲಿಲ್ಲ. ಟೇಲರ್ ಗೌಸುಸಾಬ ಕೇಳಿದ, "ಹಂಗಾದ್ರ ಕೊಂದಾಂವ ನೀನ ಏನಪಾ?"

"ಹೌದ್ರಿ," ಎಂದು ಅಲ್ತಾಫ ಡಬ್ಬಿ ಮುಚ್ಚಿದ.

ಆ ವಾರ ಅವನ ಅಂಗಡಿಗೆ ಯಾರೂ ಬರಲಿಲ್ಲ. ಸಂತೆಯ ದಿನ ಖಾತುನಬಿ ಚೀಲ ಹಿಡಿದು, ಇನಾಯತ ಹೋದಾಗಿನಿಂದ ತಪ್ಪಿಸುತ್ತಿದ್ದ ಮಿಲ್ಲಿನ ಮುಂದಿನ ದಾರಿಯಲ್ಲೇ, ನಿಧಾನವಾಗಿ ನಡೆದುಹೋದಳು.

ಆ ಬೆಸುಗೆ ಬೆಂಕಿಗೆ ಮೊದಲು ಬಿಟ್ಟಿತೋ ಆಮೇಲೋ ನನಗೆ ತಿಳಿಯದು. ಇನಾಯತ ಮೀಟರು ನೋಡಿದ್ದನೋ ಇಲ್ಲವೋ, ಅದೂ ತಿಳಿಯದು.